ಮದುವೆಯ ಹೂವೂ ಕಟ್ಟುವ ಕೈಯೂ

ಕಳೆದ ಮಾಘಮಾಸದಲ್ಲಿ, ನಮ್ಮ ಕಾಲೇಜಿನಲ್ಲಿ ಓದಿ ಹೋದ ವಿದ್ಯಾರ್ಥಿನಿಯೊಬ್ಬಳು ತನ್ನ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದಳು. ಕರೆಯೋಲೆಯನ್ನು ಕೈಗಿತ್ತು, ಹೊರಡುವ ಹೊತ್ತಿನಲ್ಲಿ, ಸ್ವಲ್ಪ ನಾಚಿಕೆಯಿಂದಲೂ ಸ್ವಲ್ಪ ಹೆಮ್ಮೆಯಿಂದಲೂ, "ಸರ್, ಆರತಕ್ಷತೆಯ ದಿನ ಹಿಡಿದುಕೊಳ್ಳುವ ಬೊಕೆಯನ್ನು ಅಂಗಡಿಯಿಂದ ತರಿಸುವುದಿಲ್ಲ. ಮನೆಯಲ್ಲಿ ನಾನೇ ಕಟ್ಟಿಕೊಳ್ಳುತ್ತೇನೆ" ಎಂದಳು. ನನ್ನ ಮನೆಯವರು ಒಳಗಿನಿಂದಲೇ, "ಅದರಲ್ಲಿ ಹೊಸದೇನಮ್ಮ? ನಮ್ಮ ಕಡೆ ಮದುವೆಯ ಹೂವನ್ನೆಲ್ಲ ಮನೆಯಲ್ಲೇ ಕಟ್ಟುತ್ತಿದ್ದರು" ಎಂದು ಉತ್ತರವಿತ್ತರು. ಇಬ್ಬರ ಮಾತೂ ನಿಜವೇ. 'ಮನೆಯಲ್ಲಿ' ಎಂಬುದು ಬಹು ಹಳೆಯ ಸಂಗತಿ; 'ನಾನೇ' ಎಂಬುದು ತೀರ ಹೊಸದು. ಈ ಎರಡು ಮಾತುಗಳ ನಡುವೆ ಇರುವ ಅಂತರವನ್ನು ಕುರಿತು ಇಂದು ತಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಬೊಕೆಯಿಂದಲೇ ಆರಂಭಿಸೋಣ. ಶಬ್ದವು ಫ್ರೆಂಚರದು, ಇಂಗ್ಲಿಷರ ಮೂಲಕ ನಮಗೆ ಬಂದದ್ದು. ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯು ಮದುವೆಯ ದಿನ ವಜ್ರದ ಕಿರೀಟವನ್ನು ಬಿಟ್ಟು ಕಿತ್ತಳೆ ಹೂವಿನ ದಂಡೆಯನ್ನು ತಲೆಗೆ ಧರಿಸಿದಳು. ಆ ಮೇಲೆ ಆ ಹೂವು ಯುರೋಪಿನ ವಧುಗಳಿಗೆಲ್ಲ ಮಾದರಿಯಾಯಿತು. ೧೮೫೮ರಲ್ಲಿ ಅವಳ ಹಿರಿಯ ಮಗಳ ಹೂಗೊಂಚಲಿನಲ್ಲಿ ಮಿರ್ಟಲ್ ಎಂಬ ಪರಿಮಳದ ಗಿಡದ ಕುಡಿಯೊಂದನ್ನು ಸೇರಿಸಿದರು. ಆ ರಾಜಮನೆತನದ ವಧುಗಳು ಈ ಸಂಪ್ರದಾಯವನ್ನು ಇಂದಿಗೂ ಬಿಟ್ಟಿಲ್ಲ. ಮದುವೆ ಮುಗಿದ ಮೇಲೆ ಆ ಗೊಂಚಲನ್ನು ವಧುವು ಬೆನ್ನ ಹಿಂದಕ್ಕೆ ಎಸೆಯುವುದೂ, ಹಿಡಿದ ಕನ್ನಿಕೆಗೆ ಮುಂದಿನ ಲಗ್ನವೆಂದು ನಂಬುವುದೂ ಅಲ್ಲಿಯ ವಾಡಿಕೆ.

ಹಾಗಾದರೆ ಕೈಯಲ್ಲಿ ಹಿಡಿಯುವ ಹೂವು ನಮ್ಮಲ್ಲಿ ಇರಲಿಲ್ಲವೆ? ಇತ್ತು. ಹಾರ ತುರಾಯಿ ಎಂಬ ಜೋಡುನುಡಿ ತಮಗೆಲ್ಲರಿಗೂ ಗೊತ್ತಿದೆ. ತುರಾಯಿಯೆಂದರೆ ಮೊದಲು ರುಮಾಲಿಗೆ ಸಿಕ್ಕಿಸುವ ಕುಚ್ಚು; ಅನಂತರ ಗೌರವಕ್ಕಾಗಿ ಅತಿಥಿಯ ಕೈಗೆ ಕೊಡುವ ಸಣ್ಣ ಹೂಗೊಂಚಲು. ಆದರೆ ಅದು ಬೀಗರಿಗೆ, ದೊಡ್ಡ ಮನುಷ್ಯರಿಗೆ ಸಲ್ಲುತ್ತಿತ್ತು. ವಧುವಿನ ಕೈಯ ಹೂವೆಂದರೆ ಹೂಚೆಂಡು. ಲಗ್ನವಾದ ಮೇಲೆ ಉರುಟಣೆಯ ಹೊತ್ತಿನಲ್ಲಿ ವಧೂವರರನ್ನು ಎದುರುಬದುರಾಗಿ ಕೂರಿಸಿ, ಹಾಡು ಹೇಳುತ್ತ, ಹೂವಿನ ಚೆಂಡನ್ನು ಒಬ್ಬರ ಮೇಲೊಬ್ಬರು ಎಸೆಯುವಂತೆ ಮಾಡುತ್ತಿದ್ದರು. ಪಾಶ್ಚಾತ್ಯ ವಧುವು ಹೂವನ್ನು ಹಿಂದಕ್ಕೆ ಎಸೆಯುತ್ತಾಳೆ. ನಮ್ಮವಳು ಮುಂದೆ ಕುಳಿತವನ ಮೇಲೆಯೇ ಎಸೆಯುತ್ತಾಳೆ. ಗುರಿ ತಪ್ಪಿದರೆ ನಗು. ತಪ್ಪದಿದ್ದರೆ ಇನ್ನೂ ಹೆಚ್ಚಿನ ನಗು. ಮೊದಲು ಮುಖವೆತ್ತಿಯೂ ನೋಡದಿದ್ದ ಇಬ್ಬರಿಗೆ ಸಲಿಗೆ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ತೋರದು.

ಆದರೂ ಕನ್ನಡಿಗರ ಮದುವೆಯಲ್ಲಿ ಹೂವಿನ ನಿಜವಾದ ಸ್ಥಾನ ಕೈಯಲ್ಲ, ತಲೆ. ಮಗಳಿಗೆ ಇನ್ನೂ ಗಂಡು ಗೊತ್ತಾಗದಿದ್ದರೆ 'ಬಾಸಿಂಗಬಲ ಕೂಡಿ ಬಂದಿಲ್ಲ' ಎನ್ನುತ್ತೇವೆ. ಬಾಸಿಂಗವಿಲ್ಲದ ಮದುವೆ ಮದುವೆಯೇ ಅಲ್ಲವೆಂಬ ಭಾವನೆ ಆ ನುಡಿಯಲ್ಲಿದೆ. ಶಬ್ದದ ಚರಿತ್ರೆ ಸ್ವಾರಸ್ಯವಾದುದು. ಹಳಗನ್ನಡದಲ್ಲಿ ಬಾಸಿಗವೆಂದರೆ ತಲೆಗೆ ಮುಡಿಯುವ ಹೂಮಾಲೆ, ಅಷ್ಟೆ. ಮದುವೆಗೇ ಮೀಸಲೆಂಬ ಅರ್ಥ ಅದಕ್ಕಿರಲಿಲ್ಲ. ಹೆಂಗಸರಂತೆ ಗಂಡಸರೂ ಮುಡಿಯುತ್ತಿದ್ದರು. ಕಾಲಕ್ರಮದಲ್ಲಿ ಗಂಡಸರು ನಿತ್ಯದ ಹೂಮುಡಿಯನ್ನು ಬಿಟ್ಟರು. ಬಾಳಿನಲ್ಲಿ ಒಂದು ದಿನ ಮಾತ್ರ, ವರನ ಹಣೆಯ ಮೇಲೆ, ಆ ಹಳೆಯ ಶಬ್ದವೂ ಹಳೆಯ ವೇಷವೂ ಒಟ್ಟಿಗೆ ಉಳಿದುಕೊಂಡವು. ಒಂದು ಇಡೀ ಸಮಾಜವು ಬಿಟ್ಟ ಉಡುಪು ಮದುವೆಯ ಉಡುಪಾಗಿ ಬದುಕಿಕೊಳ್ಳುವುದು ಚರಿತ್ರೆಯಲ್ಲಿ ಅಪರೂಪವೇನಲ್ಲ.

ಮಾಲೆ ಕಟ್ಟುವುದು ಕಲೆಯೆಂದು ನಮ್ಮ ಪೂರ್ವಿಕರು ಸ್ಪಷ್ಟವಾಗಿಯೇ ಬರೆದಿಟ್ಟಿದ್ದಾರೆ. ವಾತ್ಸ್ಯಾಯನನು ಹೇಳಿದ ಅರುವತ್ತನಾಲ್ಕು ಕಲೆಗಳಲ್ಲಿ ಮಾಲ್ಯಗ್ರಥನವೊಂದು; ಅದಕ್ಕೆ ಬೇರೆಯಾಗಿ ಶೇಖರಕ, ಆಪೀಡಗಳೆಂಬ ತಲೆಯ ಮಾಲೆಗಳನ್ನು ಕೂಡಿಸುವುದು ಇನ್ನೊಂದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ವಸ್ತ್ರ ಭೂಷಣಗಳ ಸಾಲಿನಲ್ಲಿಯೇ ಮಾಲ್ಯೋಪಭೋಗವನ್ನೂ ಇರಿಸಿದ್ದಾನೆ. ಕಾಳಿದಾಸನ ವಧುಗಳು ಮುಡಿದದ್ದಾದರೋ ಮಲ್ಲಿಗೆಯಲ್ಲ, ಗುಲಾಬಿಯಲ್ಲ; ಹಿಪ್ಪೆಯ ಹೂವು, ಅದರೊಡನೆ ಗರಿಕೆ. ರಘುವಂಶದ ಇಂದುಮತಿಗೂ ಅದೇ, ಕುಮಾರಸಂಭವದ ಪಾರ್ವತಿಗೂ ಅದೇ. ಆದರೆ ಪಾರ್ವತಿಯ ಮುಡಿಗೆ ಆ ಮಾಲೆಯನ್ನು ಕಟ್ಟಿದವಳು 'ಯಾರೋ ಒಬ್ಬಳು'. ಕವಿ ಅವಳ ಹೆಸರನ್ನು ಹೇಳುವುದಿಲ್ಲ. ಈ 'ಯಾರೋ ಒಬ್ಬಳ'ನ್ನು ಸ್ವಲ್ಪ ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಹೂವು ಪೇಟೆಯ ಸರಕಾದ ಕಥೆಯೂ ಹಳೆಯದೇ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಅಲ್ಲಿಯ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯವೆಂದು ಕಂಡು ಬೆರಗಾದನು. ಇಂದು ನಮ್ಮ ಹಂದರಗಳನ್ನು ತುಂಬುವ ಚೆಂಡುಹೂವಾಗಲಿ, ಹಾರಗಳ ಸುಗಂಧರಾಜವಾಗಲಿ ಅವನ ಕಣ್ಣಿಗೆ ಬಿದ್ದಿರಲಾರವು. ಎರಡೂ ಅಮೆರಿಕಾ ಖಂಡದ ಮೆಕ್ಸಿಕೋ ದೇಶದವು. ಯುರೋಪಿನವರ ಹಡಗುಗಳು ಆ ಖಂಡವನ್ನು ಮುಟ್ಟಿದ ಮೇಲೆ ನಮ್ಮ ಕಡೆಗೆ ಬಂದವು. ಹಿಪ್ಪೆ ಹೋಗಿ ಚೆಂಡುಹೂವು ಬಂದಿತೆಂದು ನಮ್ಮ ಮದುವೆಯ ಶುಭಕ್ಕೆ ಕುಂದೇನೂ ಬರಲಿಲ್ಲ. ಸನಾತನವೆಂದು ನಾವು ವಾದಿಸುವ ಪದಾರ್ಥಗಳ ವಯಸ್ಸನ್ನು ಒಮ್ಮೊಮ್ಮೆ ವಿಚಾರಿಸುವುದು ಒಳ್ಳೆಯದು.

ಇನ್ನು ಪುಸ್ತಕಗಳನ್ನು ಬಿಟ್ಟು ಊರಿಗೆ ಬರೋಣ. ನನಗೆ ಚೆನ್ನಾಗಿ ಗೊತ್ತಿರುವ ಮದುವೆಯ ಮನೆ ಮಹಾಲಿಂಗಪುರದಲ್ಲಿದೆ. ಅದು ನನ್ನ ತಾಯಿಯವರ ತವರು. ಕೃಷ್ಣೆಗೂ ಘಟಪ್ರಭೆಗೂ ನಡುವಣ ಈ ಊರು, ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರುವ ತನಕ, ಘೋರ್ಪಡೆಯವರ ಮುಧೋಳಕ್ಕೆ ಸೇರಿತ್ತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಮುಧೋಳವೆಂದೊಡನೆ ರನ್ನನ ನೆನಪಾಗದಿರದು. ೯೪೯ರಲ್ಲಿ ಅಲ್ಲಿ ಹುಟ್ಟಿದ ಆ ಮಹಾಕವಿ ಬಳೆಗಾರರ ಮನೆಯವನು. ಮದುವೆಯ ಮನೆಗೆ ಬಳೆ ಹೊತ್ತು ಹೋಗುವ ಕುಲದಿಂದ ಕವಿಚಕ್ರವರ್ತಿಯು ಬಂದನೆಂಬುದು ಆ ಸೀಮೆಯವರಿಗೆ ಇಂದಿಗೂ ಅಭಿಮಾನದ ಮಾತು. ಮಹಾಲಿಂಗಪುರವಾದರೋ, ನೆರೆಯ ರಬಕವಿ ಬನಹಟ್ಟಿಗಳಂತೆ, ನೇಕಾರರ ಊರು. ಕಬ್ಬಿನ ಬೆಳೆ, ಬೆಲ್ಲದ ವ್ಯಾಪಾರ, ಓಣಿಯಲ್ಲಿ ಮಗ್ಗದ ಸದ್ದು.

ಮದುವೆಗಳೆಲ್ಲ ಬೇಸಗೆಯಲ್ಲಿ. ಎರೆಯ ಹೊಲಗಳು ಬಿರುಕುಬಿಟ್ಟು, ಬಾವಿಗಳು ತಳ ಕಾಣುವ ವೈಶಾಖದಲ್ಲಿ ಹೂವೆಲ್ಲಿಂದ ಬರಬೇಕು? ಬಂದರೂ, ಬೆಳಿಗ್ಗೆ ಮುಡಿಸಿದ್ದು ಅಕ್ಕಿಕಾಳು ಬೀಳುವ ಹೊತ್ತಿಗೆ ಬಾಡಿರುತ್ತದೆ. ಬಾಸಿಂಗವನ್ನು ಹೂವಿನ ಬದಲು ಬೆಂಡಿನಿಂದ ಮಾಡುವ ಪದ್ಧತಿಗೆ ಈ ಬಿಸಿಲೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಕೆರೆಯ ನೀರಿನಲ್ಲಿ ಬೆಳೆಯುವ ಗಿಡದ ತಿರುಳೇ ಬೆಂಡು. ಹಾಲಿನಂತೆ ಬಿಳುಪು, ಹತ್ತಿಯಂತೆ ಹಗುರ, ಹರಿತವಾದ ಅಲಗಿನಿಂದ ತೆಳ್ಳಗೆ ಸೀಳಿದರೆ ಮಲ್ಲಿಗೆಯ ಎಸಳಿನಂತೆಯೇ ಕಾಣುತ್ತದೆ, ಎಂದಿಗೂ ಬಾಡದು. ಅದಕ್ಕೆ ಬೇಗಡೆ, ಮಣಿ, ಜರಿಯ ಎಳೆ. ಮಲೆನಾಡಿನ ಕಡೆ, ಸಾಗರ ಸಿರಸಿಗಳಲ್ಲಿ, ಗಂಧದ ಮರವನ್ನು ಕೆತ್ತುವ ಗುಡಿಗಾರರೇ ಈ ಬೆಂಡಿನ ಬಾಸಿಂಗವನ್ನೂ ಮಾಡುವ ಕುಶಲಿಗಳು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೊಂಡಲು ಎಂಬ ಹೆಸರೂ ಅದಕ್ಕುಂಟು.

ನಮ್ಮ ಬಯಲುಸೀಮೆಯಲ್ಲಿ ಈ ಕೆಲಸ ಹೂಗಾರರದು. ನಿತ್ಯವೂ ಮನೆಮನೆಗೆ ಬಿಲ್ವಪತ್ರೆ, ಹೂವುಗಳನ್ನು ಮುಟ್ಟಿಸುವುದು ಅವರ ಕಾಯಕ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನು ಈ ಕಾಯಕದವನೇ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ರೈತನು ಕಾಳನ್ನು ಅಳೆದು ಕೊಡುತ್ತಿದ್ದನು. ಆದ್ದರಿಂದ ಮದುವೆಯ ಬಾಸಿಂಗವನ್ನು ಹೂಗಾರನು ತಂದಾಗ ಅದು ಕೊಂಡದ್ದೂ ಅಲ್ಲ, ಮನೆಯಲ್ಲಿ ಮಾಡಿದ್ದೂ ಅಲ್ಲ. ಊರು ಮಾಡಿ ಕೊಟ್ಟದ್ದು. ಅರ್ಥಶಾಸ್ತ್ರದ ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮೂರನೆಯ ಬಗೆಗೆ ಸರಿಯಾದ ಹೆಸರಿಲ್ಲ. ಅದರಲ್ಲಿ ಸೌಹಾರ್ದವೂ ಇತ್ತು, ಕಟ್ಟುಪಾಡೂ ಇತ್ತು. ಹೂಗಾರನ ಮಗ ಹೂಗಾರನೇ ಆಗಬೇಕಿತ್ತೆಂಬುದನ್ನು ಮರೆತು ಆ ಕಾಲವನ್ನು ಕೊಂಡಾಡುವುದು ನನ್ನಿಂದಾಗದು.

ಉಳಿದದ್ದು ಮನೆಯ ಹೆಂಗಸರ ಪಾಲು. ಸುರಗಿ ಸುತ್ತುವ ನೂಲು ನೇಕಾರರ ಮನೆಯಲ್ಲಿ ಕೈಗೇ ಸಿಕ್ಕುವುದು. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು, ಸುತ್ತಲೂ ಆ ನೂಲನ್ನು ಸುತ್ತಿ, ನಡುವೆ ವಧೂವರರನ್ನು ಕೂರಿಸಿ ನೀರೆರೆಯುತ್ತಾರೆ. ಹೂವಿನ ಹಾರ, ಹೂಚೆಂಡು, ಹಣೆಗೆ ಅಡ್ಡಲಾಗಿ ಕಟ್ಟುವ ದಂಡೆ, ಇವೆಲ್ಲ ಲಗ್ನದ ಹಿಂದಿನ ರಾತ್ರಿ ಮನೆಯಲ್ಲಿಯೇ ಆಗಬೇಕು. ಬಾಳೆಯ ನಾರನ್ನು ಸೀಳಿ ನೀರಿನಲ್ಲಿ ನೆನೆಹಾಕುವುದು. ಎರಡೆರಡು ಹೂಗಳನ್ನು ತೊಟ್ಟು ಒಳಗಾಗಿ ಎದುರುಬದುರಿಟ್ಟು ನಾರಿನ ಕುಣಿಕೆಯನ್ನು ಬೆರಳಿನಿಂದಲೇ ಬಿಗಿಯುವುದು. ನಡುನಡುವೆ ದವನ, ಮರುಗ, ಅಬ್ಬಲಿಗೆ. ಸೂಜಿಯಿಂದ ಪೋಣಿಸಿದ ಹೂವು ಬೇಗ ಬಾಡುತ್ತದೆಂದು ಬಲ್ಲವರು ಸೂಜಿಯನ್ನು ಮುಟ್ಟುತ್ತಿರಲಿಲ್ಲ. ಕುಣಿಕೆ ಸಡಿಲವಾದರೆ ಹೂವು ಉದುರುವುದು, ಬಿಗಿಯಾದರೆ ತೊಟ್ಟು ಮುರಿಯುವುದು. ಎಷ್ಟು ಬಿಗಿಯಬೇಕೆಂಬುದನ್ನು ಬಾಯಿಂದ ಹೇಳಿಕೊಡಲು ಬಾರದು. ಕಟ್ಟಿದ್ದನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಬಾಳೆಯ ಎಲೆಯ ಮೇಲೆ, ನೀರಿನ ಹರವಿಯ ಪಕ್ಕದಲ್ಲಿಡುವುದು. ಮೈಸೂರು ಕಡೆಯ ಮೊಗ್ಗಿನ ಜಡೆಯು ಇನ್ನೂ ಹೆಚ್ಚಿನ ಕಸುಬು. ಅದನ್ನು ಹೆಣೆಸಿಕೊಂಡ ಹುಡುಗಿಯನ್ನು ಛಾಯಾಚಿತ್ರದ ಅಂಗಡಿಗೆ ಕರೆದೊಯ್ದು, ಬೆನ್ನ ಹಿಂದೆ ಕನ್ನಡಿಯಿಟ್ಟು, ಮುಖವೂ ಜಡೆಯೂ ಒಂದೇ ಪಟದಲ್ಲಿ ಬರುವಂತೆ ತೆಗೆಸುತ್ತಿದ್ದುದನ್ನು ತಮ್ಮಲ್ಲಿ ಅನೇಕರು ಮನೆಯ ಗೋಡೆಗಳ ಮೇಲೆ ನೋಡಿರಬಹುದು.

ಇಷ್ಟೆಲ್ಲ ನಡೆಯುವಾಗ ವಧುವು ಏನು ಮಾಡುತ್ತಿದ್ದಳು? ಮೈಗೆ ಅರಿಸಿನ ಹಚ್ಚಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ತನ್ನ ಹೂವನ್ನು ತಾನೇ ಕಟ್ಟಿಕೊಳ್ಳುವ ವಧುವನ್ನು ಮಹಾಲಿಂಗಪುರದ ಯಾವ ಅಜ್ಜಿಯೂ ಕಂಡಿದ್ದಿಲ್ಲ. ಕಟ್ಟಬೇಕಾದವರು ಮುತ್ತೈದೆಯರು. ಈ ಒಂದು ಕಟ್ಟಳೆಯಲ್ಲಿ ನಾನು ಹೇಳಬೇಕಾದ ಸಂಗತಿಯೆಲ್ಲ ಅಡಗಿದೆ.

ನನಗೆ ಹತ್ತು ವರ್ಷವಾಗಿದ್ದಾಗ ನನ್ನ ಚಿಕ್ಕಮ್ಮನ ಮದುವೆ ಆ ಮನೆಯಲ್ಲಿ ನಡೆಯಿತು. ಪಡಸಾಲೆಯಲ್ಲಿ ದೀಪದ ಸುತ್ತ ಏಳೆಂಟು ಮಂದಿ ಮುತ್ತೈದೆಯರು ಹಾಡು ಹೇಳುತ್ತ ಹೂವು ಕಟ್ಟುತ್ತಿದ್ದರು. ನಡುರಾತ್ರಿ ನನಗೆ ಎಚ್ಚರವಾಯಿತು. ಹಾಡು ನಿಂತಿತ್ತು, ಎಲ್ಲರೂ ಅಲ್ಲಲ್ಲಿಯೇ ಒರಗಿದ್ದರು. ಹಿತ್ತಲಿನ ಬಾಗಿಲ ಬಳಿ ಒಂದು ಕಂದೀಲು ಉರಿಯುತ್ತಿತ್ತು. ಅಲ್ಲಿ ನಮ್ಮ ತಾಯಿಯವರ ಸೋದರತ್ತೆ, ನಾವೆಲ್ಲ ಸಣ್ಣಾಯಿ ಎಂದು ಕರೆಯುತ್ತಿದ್ದವರು, ಮುತ್ತೈದೆಯರು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮನೆಯ ದೇವರಿಗೆ ದಿನವೂ ಹೂವು ಕಟ್ಟಿ ಕೊಡುತ್ತಿದ್ದ ಬೆರಳುಗಳು ಅವರವು. ಓಣಿಯಲ್ಲಿ ಆ ಕೈಗೆ ಸಾಟಿಯಿರಲಿಲ್ಲ. ದೇವರಿಗೆ ಆಗಬಹುದಾದ ಹೂವು ಮದುಮಗಳಿಗೆ ಆಗದೆ ಹೋದದ್ದು ಹೇಗೆಂಬುದನ್ನು ಯಾರೂ ನನಗೆ ವಿವರಿಸಿಲ್ಲ. ನನ್ನನ್ನು ನೋಡಿ ಅವರು ಬೆದರಲಿಲ್ಲ. "ತಮ್ಮಾ, ನಾರು ಒಣಗೇತಿ, ನೀರಾಗ ಅದ್ದಿ ಕೊಡು" ಎಂದರು. ಅದ್ದಿ ಕೊಟ್ಟೆನು.

ಬೆಳಿಗ್ಗೆ ದಂಡೆಯನ್ನು ನೋಡಿದ ಬೀಗಿತಿಯರು, "ಯಾರ ಕೈರೀ ಇದು, ಎಷ್ಟ ಚಂದ ಕಟ್ಟ್ಯಾರ!" ಎಂದು ಬೆರಗಾದರು. ನಮ್ಮ ಅಜ್ಜಿ, "ಮನ್ಯಾಗ ಕಟ್ಟೇವ್ರಿ" ಎಂದರು. ಸಣ್ಣಾಯಿ ಆಗ ಅಡಿಗೆಯ ಮನೆಯ ಹಿಂದೆ ಇದ್ದರು. ಅಕ್ಕಿಕಾಳಿಗೂ ಹೊರಗೆ ಬರಲಿಲ್ಲ. ಅಜ್ಜಿ ಸುಳ್ಳಾಡಲಿಲ್ಲ. ಕಾಳಿದಾಸನಂತೆ ಹೆಸರನ್ನು ಮಾತ್ರ ಬಿಟ್ಟರು. 'ಮನೆಯಲ್ಲಿ ಕಟ್ಟಿದ್ದು' ಎಂಬ ಮಾತನ್ನು ಕೇಳಿದಾಗಲೆಲ್ಲ, ಅದು ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಮುಚ್ಚುತ್ತದೆಯೆಂದು ನನಗೆ ತೋರುವುದು ಆ ದಿನದಿಂದ.

ವಿಧವೆಯರ ಪುನರ್ವಿವಾಹಕ್ಕೆ ಬ್ರಿಟಿಷರ ಆಳ್ವಿಕೆಯ ಪ್ರದೇಶದಲ್ಲಿ ೧೮೫೬ರಲ್ಲಿಯೇ ಕಾಯಿದೆಯ ಒಪ್ಪಿಗೆ ದೊರೆಯಿತು. ಅದಕ್ಕೂ ಬಹಳ ಮೊದಲಿನಿಂದ ನಮ್ಮ ಉತ್ತರದ ಜಿಲ್ಲೆಗಳ ಅನೇಕ ಕುಲಗಳಲ್ಲಿ ಉಡಿಕೆಯೆಂಬ ಪದ್ಧತಿಯಿತ್ತು. ಗಂಡ ಸತ್ತವಳಿಗೆ ಮತ್ತೊಬ್ಬನು ಸೀರೆ ಉಡಿಸಿ ಕೈಹಿಡಿಯಬಹುದು. ಔದಾರ್ಯವೇನೋ ಸರಿಯೇ. ಆದರೆ ಆ ಲಗ್ನ ಬಹುಮಟ್ಟಿಗೆ ರಾತ್ರಿಯ ಹೊತ್ತು, ಹಂದರವಿಲ್ಲದೆ, ವಾದ್ಯವಿಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ನಡೆಯತಕ್ಕದ್ದು. ಅವಳ ಹಣೆಗೆ ಬಾಸಿಂಗವಿಲ್ಲ. ಬಾಸಿಂಗವು ಹೆಣ್ಣಿಗೆ ಬಾಳಿನಲ್ಲಿ ಒಂದೇ ಸಲ. ಹೆಂಡತಿ ಸತ್ತ ಗಂಡಸಾದರೋ ಮತ್ತೆ ಹಗಲಿನಲ್ಲಿಯೇ, ವಾದ್ಯದೊಡನೆಯೇ ಮದುವೆಯಾಗುತ್ತಿದ್ದನು. ಹೀಗೆ ಹೂವು ಇಬ್ಬರಿಗೆ ನಿಷಿದ್ಧವಾಯಿತು: ಕಟ್ಟಬಲ್ಲ ವಿಧವೆಗೆ ಕಟ್ಟುವುದು, ಮರಳಿ ಮದುವೆಯಾಗುವ ವಿಧವೆಗೆ ಮುಡಿಯುವುದು.

ಈ ಪ್ರಸಂಗದಲ್ಲಿ ಪುಣೆಯ ಒಂದು ಹೂವಿನ ಮನೆತನವನ್ನು ನೆನೆಯದೆ ಮುಂದೆ ಹೋಗಲಾರೆ. ಪೇಶ್ವೆಯವರ ಅರಮನೆಗೆ ಹೂವು ಒದಗಿಸುತ್ತಿದ್ದ ಕಾರಣದಿಂದ ಆ ಮನೆಯವರಿಗೆ ಫುಲೆ ಎಂಬ ಅಡ್ಡಹೆಸರು ಬಂದಿತು. ಆ ಮನೆಯ ಜೋತಿರಾವ್ ಫುಲೆಯವರು ತಮ್ಮ ಪತ್ನಿ ಸಾವಿತ್ರಿಬಾಯಿಯವರೊಡನೆ ಕೂಡಿ, ದಿಕ್ಕುಗೆಟ್ಟ ವಿಧವೆಯರೂ ಅವರ ಕೂಸುಗಳೂ ಉಳಿಯಲೆಂದು ೧೮೬೩ರಲ್ಲಿ ಒಂದು ಆಶ್ರಯವನ್ನು ತೆರೆದರು. ೧೮೭೩ರಲ್ಲಿ ಅವರು ಸ್ಥಾಪಿಸಿದ ಸತ್ಯಶೋಧಕ ಸಮಾಜದ ಮದುವೆಗಳಲ್ಲಿ ಪುರೋಹಿತರಿರಲಿಲ್ಲ, ದುಂದು ಇರಲಿಲ್ಲ. ಹೂಮಾಲೆ ಮಾತ್ರ ಇತ್ತು. ಮದುವೆಯಿಂದ ಏನೇನನ್ನು ತೆಗೆದುಹಾಕಿದರೂ ಮದುವೆಯಾಗಿ ಉಳಿಯುತ್ತದೆಂದು ಲೆಕ್ಕ ಹಾಕಿದ ಹೂವಾಡಿಗರ ಮಗ, ಹೂವನ್ನು ಮಾತ್ರ ತೆಗೆದುಹಾಕಲಿಲ್ಲ. ಘೋರ್ಪಡೆ, ಪಟವರ್ಧನರ ಸಂಸ್ಥಾನಗಳಲ್ಲಿ ಮರಾಠಿಯು ದರ್ಬಾರಿನ ನುಡಿಯಾಗಿದ್ದುದರಿಂದ ಪುಣೆಯ ಮಾತು ನಮ್ಮ ಸೀಮೆಗೆ ದೂರವಾಗಿರಲಿಲ್ಲ. ಆದರೂ ಹಿತ್ತಲಿನ ಬಾಗಿಲಿನಿಂದ ಪಡಸಾಲೆಗೆ ಬರಲು ಅದಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಬಂದಿತೆಂದಾದರೂ ಪೂರ್ತಿಯಾಗಿ ಹೇಳಬಹುದೋ ಇಲ್ಲವೋ. ಎರಡು ವರ್ಷಗಳ ಹಿಂದೆ ಅದೇ ಮನೆಯಲ್ಲಿ ನನ್ನ ಸೋದರಮಾವನ ಮೊಮ್ಮಗಳ ಮದುವೆಯಾಯಿತು. ಹುಡುಗಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ನನ್ನ ವಿದ್ಯಾರ್ಥಿನಿಯಂತೆಯೇ ಇವಳೂ ಆರತಕ್ಷತೆಗೆ ತನ್ನ ಬೊಕೆಯನ್ನು ತಾನೇ ಕಟ್ಟಿಕೊಳ್ಳುವೆನೆಂದು ಹಟ ಹಿಡಿದಳು. ಬಿಳಿಯ ಶಾವಂತಿಗೆ, ಗುಲಾಬಿ, ಒಂದು ಹಿಡಿ ದವನ. ತೊಟ್ಟುಗಳನ್ನು ಓರೆಯಾಗಿ ಕತ್ತರಿಸಿ ರಾತ್ರಿಯೆಲ್ಲ ನೀರಿನಲ್ಲಿಟ್ಟು, ಬೆಳಿಗ್ಗೆ ಒಂದರ ಮೇಲೊಂದು ಸುತ್ತುಸುತ್ತಾಗಿ ಕೂಡಿಸಿ, ಹಿಡಿಕೆಗೆ ಇಳಕಲ್ ಸೀರೆಯ ಸೆರಗಿನದೊಂದು ತುಂಡನ್ನು ಸುತ್ತಿದಳು. ಮೊದಲನೆಯದು ಕೆಟ್ಟಿತು, ಎರಡನೆಯದು ಚೆನ್ನಾಗಿಯೇ ಆಯಿತು. ಪಕ್ಕದಲ್ಲಿ ಅವಳ ತಾಯಿ ಬಾಳೆಯ ನಾರು ಹಿಡಿದು ದಂಡೆ ಕಟ್ಟುತ್ತಿದ್ದರು. ಆಕೆಯ ಪತಿ ತೀರಿಕೊಂಡು ಆಗ್ಗೆ ಮೂರು ವರ್ಷವಾಗಿತ್ತು. ಪಡಸಾಲೆಯ ನಡುವೆ, ಎಲ್ಲರೆದುರಿಗೆ, ಹಗಲಿನಲ್ಲಿ ಕಟ್ಟಿದರು. ಹಿರಿಯರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬಾಯಿ ಬಿಟ್ಟು ಯಾರೂ ಏನನ್ನೂ ಅನ್ನಲಿಲ್ಲ.

ಲಗ್ನದ ಹೊತ್ತಿಗೆ ಬೀಗರ ಕಡೆಯ ವಯಸ್ಸಾದ ಒಬ್ಬಾಕೆ ದಂಡೆಯನ್ನು ಮುಟ್ಟಿ ನೋಡಿ, ಆ ಹಳೆಯ ಪ್ರಶ್ನೆಯನ್ನೇ ಕೇಳಿದರು. ಉತ್ತರ ಕೊಡಲೆಂದು ನಮ್ಮ ಮಾವಿಯವರು ಬಾಯಿ ತೆರೆಯುವ ಮೊದಲೇ ಮದುಮಗಳು ತಲೆಯೆತ್ತಿ, "ನಮ್ಮವ್ವ ಕಟ್ಟ್ಯಾಳ್ರೀ" ಎಂದಳು. ಆಕೆ "ಹೌದೇನವಾ" ಎಂದು ಸುಮ್ಮನಾದರು. ಆದರೆ ಆ ದಂಡೆಯನ್ನು ಹಣೆಗೆ ಕಟ್ಟುವ ಸಮಯ ಬಂದಾಗ ತಾಯಿ ತಾವಾಗಿಯೇ ಹಿಂದೆ ಸರಿದು ಗೋಡೆಯ ಪಕ್ಕಕ್ಕೆ ನಿಂತರು. ಕಟ್ಟಿದವರು ಹುಡುಗಿಯ ಸೋದರತ್ತೆ.